ಲೌಂಜಿನಲ್ಲಿ ಕರೆಯುವವರಿಲ್ಲ

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದು ಸುರಿದ ಮೇಲೆ ನನ್ನ ಅಕ್ಕ ಅದರ ಪಕ್ಕದಿಂದ ಕದಲುವುದಿಲ್ಲ. ಈಗ ಹರಾಜಿನ ಬೆಲೆ ಮೊಬೈಲಿಗೇ ಬರುತ್ತದೆ. ಕ್ಯಾಂಟೀನಿನಲ್ಲಿ ಕೂತೂ ನೋಡಬಹುದು. ಆದರೆ ನೂಲು ತೆಗೆಯುವ ರೀಲರುಗಳು ಗೂಡನ್ನು ಕೈಗೆತ್ತಿ ಅದುಮಿ ನೋಡುವಾಗ ಮಾಲಿನವರು ಅಲ್ಲೇ ಇರಬೇಕು ಎಂಬುದು ಅವಳ ಪದ್ಧತಿ. ಯಾರಾದರೂ ಬಂದು ಕರೆಯುವವರೆಗೆ ಅಲ್ಲೇ ಇರುತ್ತಾಳೆ. ನಮ್ಮೂರು ಗುಡೇಮಾರನಹಳ್ಳಿಯಿಂದ ಅವಳ ಜೊತೆ ಹಲವು ಸಲ ಹೋಗಿದ್ದ ನನಗೆ ಇದು ಗೊತ್ತಿತ್ತು.

ಭಾವ ಕನಕಪುರದ ಕಲ್ಲುಕ್ವಾರಿಗಳಲ್ಲಿ ಮೇಸ್ತ್ರಿಯಾಗಿದ್ದವರು. ಹೆಚ್ಚಿನ ಸಂಬಳಕ್ಕೆ ಆಫ್ರಿಕಾದ ಗ್ರಾನೈಟ್ ಕ್ವಾರಿಯೊಂದಕ್ಕೆ ಹೋಗಿದ್ದರು. ಅಲ್ಲಿ ಎತ್ತರದಿಂದ ಬಿದ್ದು ತಲೆಗೆ ಪೆಟ್ಟಾಯಿತು. ಎಚ್ಚರವಿದೆ, ಮಾತಾಡುತ್ತಿದ್ದಾರೆ, ನಾಡಿದ್ದು ಬೆಳಗ್ಗೆ ಆಪರೇಷನ್, ಆಮೇಲೆ ಹೇಗಿರುತ್ತಾರೋ ಈಗಲೇ ಹೇಳಲಾಗದು ಎಂದು ಡಾಕ್ಟರು ತಿಳಿಸಿದ್ದರು. ಭಾವನನ್ನು ನೋಡಿಬರಲೆಂದು ನಮ್ಮಿಬ್ಬರ ವೀಸಾ ಇದಕ್ಕೂ ಮೊದಲೇ ಆಗಿತ್ತು. ಕ್ವಾರಿಯವರು ಟಿಕೆಟ್ ಕಳಿಸಿದರು. ಉಳಿದಿದ್ದ ಸೀಟುಗಳು ಎರಡೇ: ಒಂದು ಬಿಸಿನೆಸ್ ಕ್ಲಾಸ್, ಒಂದು ಸಾಧಾರಣ. ಬಿಸಿನೆಸ್ ಕ್ಲಾಸಿನದು ಅಕ್ಕನ ಹೆಸರಿಗಾಯಿತು.

ಕೊಲ್ಲಿ ದೇಶವೊಂದರಲ್ಲಿ ವಿಮಾನ ಬದಲಿಸಬೇಕಿತ್ತು. ನಡುವೆ ಅರ್ಧ ದಿನದ ಬಿಡುವು. ಅಕ್ಕನ ಟಿಕೆಟ್ಟಿಗೆ ಲೌಂಜಿನಲ್ಲಿ ಊಟ, ಸ್ನಾನ, ಮಲಗಲು ಜಾಗ ಎಲ್ಲವೂ ಇತ್ತು. ಆದರೆ ಒಂದು ಟಿಕೆಟ್ಟಿಗೆ ಒಬ್ಬರೇ ಎಂದು ಬಾಗಿಲ ಬಳಿಯ ಹುಡುಗಿ ನಯವಾಗಿ ಹೇಳಿದಳು.

“ಹಂಗಾರೆ ನಂಗೂ ಬ್ಯಾಡ. ನಾನೇನು ಸಾವ್ಕಾರನ ಹೆಂಡ್ರಾ?” ಎಂದಳು ಅಕ್ಕ.

ಸುದ್ದಿ ಬಂದಾಗಿನಿಂದ ಅವಳು ಮಲಗಿರಲಿಲ್ಲ. ಕಾಲು ಊದಿತ್ತು. ಅಲ್ಲಿ ಹೋಗಿ ಒಂದಿಷ್ಟು ಮಲಗದಿದ್ದರೆ ಆಸ್ಪತ್ರೆಯಲ್ಲಿ ನಿಲ್ಲಲಾಗುವುದಿಲ್ಲ ಎಂದು ಒತ್ತಾಯ ಮಾಡಿದೆ. ಬಾಗಿಲಲ್ಲಿ ತಿರುಗಿ, “ವಿಮಾನಕ್ಕೆ ಕರುದ್ರೆ ಬತ್ತೀನಿ ಕಣ್ಲಾ. ನೀನು ಎಲ್ಲೂ ಹೋಗ್ಬ್ಯಾಡ,” ಎಂದು ಭಾವನ ಬಟ್ಟೆಗಳಿದ್ದ ಬ್ಯಾಗು ಎಳೆದುಕೊಂಡು ಒಳಗೆ ಹೋದಳು. ಅವಳ ಮೊಬೈಲು ಆ ದೇಶದಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕೂತೆ.

ಮಧ್ಯಾಹ್ನ ನಮ್ಮ ಗೇಟು ಬದಲಾಯಿತು. ಹೊಸ ಗೇಟಿಗೆ ನಿಲ್ದಾಣದೊಳಗಿನ ರೈಲು ಹತ್ತಿ ಹೋಗಬೇಕು. ಧ್ವನಿವರ್ಧಕದಲ್ಲಿ ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ ಹೇಳಿದರು. ಒಳಗೂ ಕೇಳಿಸಿರಬೇಕು, ಯಾರಾದರೂ ಅಕ್ಕನಿಗೆ ಕೈ ಮಾಡಿ ತಿಳಿಸಿರುತ್ತಾರೆ ಎಂದುಕೊಂಡೆ. ಗಾಜಿನ ಬಾಗಿಲು ತೆರೆದಾಗಲೆಲ್ಲ ಬೇರೆ ಯಾರೋ ಹೊರಗೆ ಬರುತ್ತಿದ್ದರು. ಪರದೆಯ ಮೇಲೆ ನಮ್ಮ ವಿಮಾನದ ಮುಂದೆ ಕೊನೆಯ ಕರೆ ಎಂದು ಬಂತು.

ಹುಡುಗಿಯ ಬಳಿ ಹೋಗಿ ಕೇಳಿದೆ. ಅವಳು ಮೇಜಿನ ಮೇಲಿನ ಸಣ್ಣ ಫಲಕ ತೋರಿಸಿದಳು. ಅತಿಥಿಗಳ ವಿಶ್ರಾಂತಿಗಾಗಿ ಒಳಗೆ ಯಾವ ವಿಮಾನವನ್ನೂ ಕೂಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ಒಳಗೆ ಬಿಡಿ ಎಂದೆ. ಸಾಧ್ಯವಿಲ್ಲ ಎಂದಳು. ವಿಷಯ ಹೇಳಿದ ಮೇಲೆ ತಾನೇ ನೋಡಿಬರಲು ಹೋದಳು. ಸೋಫಾಗಳಲ್ಲಿ ಇಲ್ಲ, ಊಟದ ಕಡೆ ಇಲ್ಲ, ಸ್ನಾನದ ಮನೆಗಳಲ್ಲೂ ಇಲ್ಲ, ಆಗಲೇ ಹೊರಟುಹೋಗಿರಬೇಕು ಎಂದಳು. ಇರುವುದು ಒಂದೇ ಬಾಗಿಲು. ಆದರೆ ಪರದೆ ನೋಡಲು ನಾನು ಒಂದೆರಡು ಬಾರಿ ಎದ್ದು ಹೋಗಿದ್ದೆ. ಅಷ್ಟರಲ್ಲಿ ಅಕ್ಕ ಹೊರಬಂದು ಹಳೆಯ ಗೇಟಿನ ಕಡೆ ಹೋಗಿದ್ದರೆ? ಆ ದಿಕ್ಕಿಗೆ ಓಡಲು ತಿರುಗಿದವನು ನಿಂತೆ. ಒಳಗೆ ಬ್ಯಾಗುಗಳನ್ನು ಎಲ್ಲಿ ಇಡಿಸುತ್ತೀರಿ ಎಂದು ಕೇಳಿದೆ. ಹಿಂದೆ ಒಂದು ಚಿಕ್ಕ ಕೋಣೆಯಿದೆ, ಅಲ್ಲಿ ಪ್ರಯಾಣಿಕರು ಕೂರುವುದಿಲ್ಲ ಎಂದಳು. ದಯವಿಟ್ಟು ಅಲ್ಲೊಮ್ಮೆ ನೋಡಿ ಎಂದೆ.

ಅಕ್ಕ ಅಲ್ಲೇ ಇದ್ದಳು. ಬ್ಯಾಗನ್ನು ಬಿಟ್ಟು ಹೋಗಲು ಒಪ್ಪದೆ ಅದರ ಪಕ್ಕ ಕಾರ್ಪೆಟ್ಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳಂತೆ.

“ಯಾರೂ ಕರೀನೇ ಇಲ್ವಲ್ಲೋ,” ಎಂದಳು ಹೊರಗೆ ಬಂದು.

“ಇಲ್ಲಿ ಕರಿಯಾಕಿಲ್ಲ ಅಕ್ಕ. ನಡಿ ಬಿರ್ರನೆ.”

ರೈಲಿನಿಂದ ಇಳಿದ ಮೇಲೆ ಅಕ್ಕ ಊದಿದ ಕಾಲಲ್ಲೇ ನನಗಿಂತ ಮುಂದೆ ನಡೆದಳು. ಗೇಟಿನಲ್ಲಿ ಹಗ್ಗ ಕಟ್ಟಿದ್ದರು, ಬಾಗಿಲು ಇನ್ನೂ ಹಾಕಿರಲಿಲ್ಲ. ಸಿಬ್ಬಂದಿ ನಮ್ಮ ಟಿಕೆಟ್ ನೋಡಿ ತಮ್ಮಲ್ಲೇ ಮಾತಾಡಿಕೊಂಡರು. ಅಕ್ಕನನ್ನು ತೋರಿಸಿ, ಇವರು ಹೋಗಬಹುದು, ನಿಮ್ಮ ಸೀಟು ಮಾತ್ರ ಟಿಕೆಟ್ಟಿಗಾಗಿ ಕಾಯುತ್ತಿದ್ದ ಬೇರೊಬ್ಬರಿಗೆ ಕೊಟ್ಟಾಗಿದೆ ಎಂದರು. ಮುಂದಿನ ವಿಮಾನ ಮಾರನೆಯ ದಿನ. ನಾನು ವಾದಿಸಿದೆ. ಅವರು ಗಡಿಯಾರ ತೋರಿಸಿದರು.

“ಏನಂತೆ?” ಎಂದಳು ಅಕ್ಕ. ಹೇಳಿದೆ. ಈ ಪ್ರಯಾಣಕ್ಕೆ ಮೊದಲು ಅವಳು ವಿಮಾನ ಹತ್ತಿದವಳಲ್ಲ.

“ಅಲ್ಲಿ ಇಳುದ್ರೆ ಯಾರು ಬತ್ತಾರೆ?”

“ಭಾವನ ಜೊತೇಲಿರೋರು. ಚನ್ನಪಟ್ಟಣದೋರು, ನಮ್ಮ ಮಾತೇ ಆಡ್ತಾರೆ.”

“ಬರ್ದೆ ಇದ್ರೆ?”

ಬತ್ತಾರೆ ಎಂದೆ. ಖಾತ್ರಿ ಇರಲಿಲ್ಲ, ಅವರ ಫೋನು ಬೆಳಗಿನಿಂದ ಸಿಕ್ಕಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಸಿಬ್ಬಂದಿಯೊಬ್ಬರು ಹಗ್ಗದ ಕೊಂಡಿ ಬಿಚ್ಚಿ ಹಿಡಿದು ನಿಂತಿದ್ದರು.

“ನೀನು ನಾಳೀಕೆ ಬಾ,” ಎಂದಳು. ಬ್ಯಾಗಿನ ಹಿಡಿ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ನಡೆದಳು.

ಮಾರನೆಯ ದಿನ ನಾನು ವಿಮಾನ ಹತ್ತುವ ಸಾಲಿನಲ್ಲಿದ್ದಾಗ ಚನ್ನಪಟ್ಟಣದವರ ಫೋನಿನಿಂದ ಅಕ್ಕ ಮಾತಾಡಿದಳು. ಭಾವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು.

“ನೋಡುದ್ಯಾ?”

“ನೋಡ್ದೆ. ಗುರ್ತು ಹಿಡುದ್ರು. ಹುಳುಗೆ ಸೊಪ್ಪು ಯಾರು ಹಾಕ್ತಾವ್ರೆ ಅಂದ್ರು. ವಾರಗಿತ್ತಿ ಅಂದೆ. ಒಸಿ ಕಮ್ಮಿ ಹಾಕಕ್ಕೇಳು, ಬಿಸ್ಲು ಜಾಸ್ತಿ ಐತೆ ಅಂದ್ರು.”

“ಆಮ್ಯಾಕೆ?”

“ಅಷ್ಟೇ. ತಳ್ಕೊಂಡೋದ್ರು.” ಮತ್ತೆ ಹೇಳಿದಳು: “ನಾನು ಕೈ ಇಡ್ಕೊಂಡೇ ಇದ್ದೆ, ಬಾಗ್ಲು ಗಂಟ.”

ಒಳಗಿನಿಂದ ಯಾರಾದರೂ ಹೊರಗೆ ಬಂದರೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಸಾಲು ಮುಂದೆ ಸರಿಯಿತು.