ಎಲ್ಲಿ ಹೊಂಟೀರಿ ಎಂದು ಕೇಳುವ ಓಣಿ

ವಿಜಾಪುರದ ಕಡೆಯ ಇಂಡಿಗೆ ಬಂದ ಮರುದಿನ ಬೆಳಿಗ್ಗೆ ಹಾಲು ತರಲೆಂದು ಚೆಂಬು ಹಿಡಿದು ಹೊಸಿಲು ದಾಟಿದೆ. ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಹೆಂಗಸು ಬಾಯಿತುಂಬ ನೊರೆ ಇಟ್ಟುಕೊಂಡೇ ಕೂಗಿದಳು: "ಎಲ್ಲಿ ಹೊಂಟೀರಿ?"

ನನ್ನ ಎದೆ ಧಸಕ್ಕೆಂದಿತು. ನಂಜನಗೂಡಿನ ಕಡೆಯವರಾದ ನಿಮಗೆ ಇದು ಯಾಕೆಂದು ಹೇಳಬೇಕಾಗಿಲ್ಲ. ಆದರೂ ಈಗಿನ ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಹೊರಟವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ತೀರಾ ತಿಳಿಯಬೇಕಿದ್ದರೆ "ದೂರಾನಾ?" ಎನ್ನಬೇಕು, ಅದೂ ಮೆಲ್ಲಗೆ. ನನ್ನನ್ನು ಬೆಳೆಸಿದ ಅಜ್ಜಿ ಅದಕ್ಕೆ ಪರಿಹಾರವನ್ನೂ ಹೇಳಿಕೊಟ್ಟಿದ್ದಳು: "ಯಾರಾದ್ರೂ ಕೆಟ್ಟ ಬಾಯಿನೋರು ಕೇಳ್ಬುಟ್ರೆ ಎದುರು ಮಾತಾಡ್ಬೇಡ ಕಣವ್ವ. ಒಳಿಕ್ಕೆ ವಾಪಸ್ ಬಂದು ಒಂದ್ಗಳಿಗೆ ಕುಂತ್ಕೊ. ನೀರು ಕುಡ್ದು ಆಮೇಲೆ ಹೊರಡು."

ನಾನು ಹಾಗೇ ಮಾಡಿದೆ. ತಿರುಗಿ ಒಳಗೆ ಹೋಗಿ, ಮಣೆಯ ಮೇಲೆ ಕೂತು, ನೀರು ಕುಡಿದು ಮತ್ತೆ ಹೊರಬಂದೆ. ಈ ಸಲ ಪಕ್ಕದ ಬಾಗಿಲಿನಿಂದ ಮನೆಯ ಒಡತಿ ನೀಲವ್ವಾಯಿ. "ಏ ತಂಗಿ, ಎಲ್ಲಿ ಹೊಂಟಿ?" ಮತ್ತೆ ಒಳಗೆ. ಮತ್ತೆ ಮಣೆ, ಮತ್ತೆ ನೀರು. ಮೂರನೆಯ ಸಲ ಹೊರಬಿದ್ದಾಗ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು, ಹಾಲಿನವನು ಹೊರಟುಹೋಗಿದ್ದ. ನೋಡಿದಿರಾ, ಅಜ್ಜಿಯ ಮಾತು ಸುಳ್ಳಾಗಲಿಲ್ಲ.

ನಾನು ಇಲ್ಲಿಗೆ ಬಂದದ್ದು ಹಟ ಹಿಡಿದು. ಯಜಮಾನರಿಗೆ ಕಾಲುವೆ ಕಚೇರಿಯಲ್ಲಿ ಸರ್ವೆಯ ಕೆಲಸ. ಮದುವೆಯಾದ ಮೇಲೂ ಎರಡು ವರ್ಷ ಅವರು ಇಲ್ಲಿ, ನಾನು ಅಲ್ಲಿ. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತು ಸಂಸಾರ ಮಾಡುತ್ತಿದ್ದೆವು. "ಸಂಸಾರಕ್ಕೆ ಮನೆ ಸಿಗೋದು ಕಷ್ಟ. ಸಿಕ್ಕಿದರೆ ಕರೆಸ್ಕೋತೀನಿ, ಆಮೇಲೆ ಆ ಮನೆ ಕೈಬಿಟ್ಟರೆ ನಾನು ಮತ್ತೆ ಕಾಲುವೆ ಕ್ಯಾಂಪಿಗೆ, ನೀನು ಊರಿಗೆ," ಎಂದಿದ್ದರು. ಕೊನೆಗೆ ಸಿಕ್ಕಿದ್ದು ನೀಲವ್ವಾಯಿಯ ಮನೆಯ ಪಕ್ಕದ ಅರ್ಧ ಭಾಗ, ಓಣಿಗೆ ಬೇರೆ ಬಾಗಿಲಿದ್ದದ್ದು. ಆಯಿ ಅಂದರೆ ಇಲ್ಲಿ ಅಜ್ಜಿ. ಆದರೆ ನನ್ನ ಅಜ್ಜಿಗೂ ಈ ಆಯಿಗೂ ಬೆಣ್ಣೆಗೂ ಸುಣ್ಣಕ್ಕೂ ಇರುವಷ್ಟು ಅಂತರ. ಇಡೀ ದಿನ ಕಟ್ಟೆಯ ಮೇಲೆ ಲಿಂಬೆಹಣ್ಣಿನ ರಾಶಿ ಹಾಕಿಕೊಂಡು ಆರಿಸುತ್ತ ಕೂತಿರುತ್ತಿದ್ದಳು. ದೊಡ್ಡದು ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ, ಕೊಳೆತದ್ದು ಬೀದಿಗೆ. ಮನುಷ್ಯರನ್ನೂ ಹಾಗೇ ಆರಿಸುತ್ತಿದ್ದಳು. ನಾನು ಯಾವ ಬುಟ್ಟಿಗೆ ಬಿದ್ದೆನೆಂದು ಬೇಗನೆ ತಿಳಿಯಿತು.

ನಮ್ಮ ಕಡೆ ಮಾತಿಗೊಂದು ದಾರಿಯಿದೆ. ಒಂದು ಸೇರು ಅಕ್ಕಿ ಕೇಳಲು ಬಂದವರು ಮೊದಲು ಮಳೆ, ಆಮೇಲೆ ಹಸು, ಆಮೇಲೆ ಮಂಡಿನೋವು ಎಲ್ಲ ಮುಗಿಸಿ, ಎದ್ದು ನಿಂತ ಮೇಲೆ ಅಕ್ಕಿಯ ವಿಷಯ ತೆಗೆಯುತ್ತಾರೆ. ಇಲ್ಲಿ ಮಾತು ಕಲ್ಲಿನ ಹಾಗೆ ನೇರವಾಗಿ ಬರುತ್ತದೆ. "ನಿಮಗ ಮಕ್ಕಳ್ಯಾಕ ಆಗಿಲ್ಲ?" "ಗಂಡನ ಪಗಾರ ಎಷ್ಟ?" "ಇದೆಂಥಾ ಅನ್ನ ತಿಂತೀರಿ, ಮೂರೂ ಹೊತ್ತ? ರೊಟ್ಟಿ ತಿನ್ರಿ, ಮೈಯಾಗ ಕಸುವ ಬರ್ತೈತಿ." ಎದುರು ಮನೆಯ ಶಾಂತಾಬಾಯಿ, ಅಂದರೆ ಆ ಹಲ್ಲುಜ್ಜುತ್ತಿದ್ದವಳು, ನನ್ನ ಅಡುಗೆಮನೆಗೇ ನುಗ್ಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು, "ಇದೇನ್ರಿ, ನೀರಿಗಿ ಬಣ್ಣ ಹಾಕೀರಲ್ಲ!" ಎಂದು ನಕ್ಕಳು. ನಾನು ಬಾಗಿಲು ಹಾಕಿಕೊಳ್ಳಲು ಕಲಿತೆ.

ಆದರೆ ಹೊರಗೆ ಹೋಗದೆ ಬದುಕುವುದು ಹೇಗೆ? ದಿನಕ್ಕೆ ಎಷ್ಟೋ ಸಲ ಆ ಪ್ರಶ್ನೆ, ಅಷ್ಟೇ ಸಲ ನಾನು ತಿರುಗಿ ಒಳಗೆ. ಈ ಊರಿನವರಿಗೆ ಬೇಕೆಂದೇ ನನ್ನ ಕೆಲಸ ಕೆಡಿಸುವ ಚಟ ಎಂದುಕೊಂಡೆ. ಅವರು ಏನೆಂದುಕೊಂಡರು ಎನ್ನುವುದು ನನ್ನ ಕಿವಿಗೂ ಬೀಳುತ್ತಿತ್ತು.

"ಅಯ್ಯ, ನಾ ಏನ್ ಹೊಡ್ಯಾಕ ಬಂದೆನೇನ? ಮಾತಾಡ್ಸಿದ್ರ ಬೆನ್ನ ತೋರ್ಸಿ ಹೋಗ್ತಾಳಲ್ಲ!"

"ಮೈಸೂರಾಕಿ ಅಲ್ಲೇನ? ಧಿಮಾಕ ಐತಿ."

ಓಣಿಯ ಮಕ್ಕಳು ಅದನ್ನೇ ಆಟ ಮಾಡಿಕೊಂಡರು. ಒಬ್ಬಳು "ಎಲ್ಲಿ ಹೊಂಟೀರಿ?" ಅಂದರೆ ಇನ್ನೊಬ್ಬಳು ಸೊಂಟ ತಿರುಗಿಸಿ ಒಳಗೆ ಓಡುವುದು. ನಳದ ಬಳಿ ನನ್ನ ಕೊಡ ಸಾಲಿನಲ್ಲಿ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ನಾನೂ ಸುಮ್ಮನಿರಲಿಲ್ಲ. ಯಾರ ಮುಖವನ್ನೂ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡೆ. ಈ ಊರಿನ ಬಿಸಿಲು, ಖಾರ, ನಾಲಿಗೆ ಎಲ್ಲವೂ ಒಂದೇ ಒಲೆಯಿಂದ ಬಂದವು ಎಂದು ಊರಿನಲ್ಲಿದ್ದ ಚಿಕ್ಕಮ್ಮನಿಗೆ ಬರೆದೆ.

ಹೀಗಿರುವಾಗ ಒಂದು ಬೆಳಿಗ್ಗೆ ನೀಲವ್ವಾಯಿಯ ಸೊಸೆ ಕಸ್ತೂರಿ ತನ್ನ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಟಳು. ಜ್ವರದ ತಾಪಕ್ಕೆ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಹಿಂದೆ ಚೀಲ ಹಿಡಿದ ನೀಲವ್ವಾಯಿ. ಓಣಿಗೆ ಓಣಿಯೇ ಓಡಿಬಂತು. "ಎಲ್ಲಿ ಹೊಂಟೀರಿ? ವಿಜಾಪುರಕ್ಕೇನು? ಯಾವ ದವಾಖಾನಿ? ಯಾರರೆ ಸಂಗಾಟ ಬರ್ಲೇನು?" ನಾನು ನನ್ನ ಬಾಗಿಲಲ್ಲೇ ಇದ್ದೆ. ಅವರು ನನ್ನ ಪಕ್ಕದಲ್ಲೇ ಹಾದುಹೋದರು. ಇಷ್ಟು ಜನ ಕೇಳಿ ಆ ಕೂಸಿನ ದಾರಿಗೆ ಮುಳ್ಳು ಹಾಕುತ್ತಿದ್ದಾರಲ್ಲ, ನಾನಾದರೂ ಹಾಕಬಾರದು ಎಂದು ಬಾಯಿ ಬಿಗಿಹಿಡಿದು, ಕೈಮುಗಿದು, ತಲೆತಗ್ಗಿಸಿ ಪಕ್ಕಕ್ಕೆ ಸರಿದೆ. ನೀಲವ್ವಾಯಿ ಒಂದು ಕ್ಷಣ ನಿಂತು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಮಗು ಹುಷಾರಾಗಿ ಮನೆಗೆ ಬಂತು. ಅದರ ಬೆನ್ನಿಗೇ ನೀಲವ್ವಾಯಿಯ ಮಾತೂ ಬಂತು: "ಈ ಅಮಾಸಿ ಒಳಗ ಮನಿ ಖಾಲಿ ಮಾಡ್ರಿ." ಯಜಮಾನರು ಕಾರಣ ಕೇಳಿದರು. "ನಮ್ಮ ಮನಿ, ನಮಗ ಬೇಕಾಗೇತಿ," ಎಂದಳು, ಲಿಂಬೆಹಣ್ಣಿನಿಂದ ತಲೆ ಎತ್ತದೆ.

ಆಮೇಲೆ ನಾನು ಇಂಡಿಯ ಓಣಿ ಓಣಿ ಅಲೆದೆ. ಒಂದು ಕಡೆ ಕೀಲಿ ಕೈಗೆ ಕೊಡುವ ಹೊತ್ತಿಗೆ, "ಈಗ ಯಾರ ಮನ್ಯಾಗ ಅದೀರಿ?" ಎಂದರು. ಹೇಳಿದೆ. ಕೀಲಿ ವಾಪಸ್ಸು ಸೊಂಟಕ್ಕೆ ಹೋಯಿತು. "ನೀಲವ್ವಾಯೇ ಮನಿ ಬಿಡ್ಸ್ಯಾಳಂದ್ರ ನಾವ್ಹೆಂಗ ಕೊಡೂಣ್ರಿ?" ಹತ್ತಿರದ ಲಚ್ಯಾಣದಲ್ಲಿ, ಹೊರ್ತಿಯಲ್ಲಿ ಯಜಮಾನರ ಜೊತೆಯವರು ವಿಚಾರಿಸಿದರು. ಅಲ್ಲಿಯೂ ಇಲ್ಲ. ಯಜಮಾನರು ಟ್ರಂಕು ಕೆಳಗಿಳಿಸಿ ಧೂಳು ಒರೆಸಿದರು. ಆ ಟ್ರಂಕು ನೋಡಿದರೆ ನನಗೆ ಬೂತಿನ ಗಾಜು ಕಾಣಿಸುತ್ತಿತ್ತು.

ಒಂದು ಮಧ್ಯಾಹ್ನ ಹೀಗೇ ಅಲೆದು ಬೆವೆತು ಬರುತ್ತಿದ್ದೆ. ಶಾಂತಾಬಾಯಿ ಕೇಳಿದಳು, "ಮನಿ ಸಿಕ್ತೇನ್ರಿ?" ಕಟ್ಟೆಯ ಮೇಲಿನಿಂದ ನೀಲವ್ವಾಯಿ, "ಆಕೀನ್ನ ಏನ್ ಕೇಳ್ತಿ ಬಿಡ. ಈಗ ಒಳಗ ಓಡ್ತಾಳ ನೋಡು," ಎಂದಳು.

ನಾನು ಓಡಲಿಲ್ಲ. ಕೈಚೀಲ ನೆಲಕ್ಕೆ ಒಗೆದೆ. "ಓಡದೆ ಏನ್ ಮಾಡ್ಲಿ? ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅನ್ನೋದು ನಿಮಗೆ ಯಾರೂ ಕಲಿಸಿಲ್ವಾ? ದಿನಾ ಅಪಶಕುನ! ಒಳಗೆ ಹೋಗಿ ಕೂತು ನೀರು ಕುಡಿದು ಕುಡಿದು ಸಾಕಾಗಿದೆ ನನಗೆ!"

ಶಾಂತಾಬಾಯಿಯ ಬಾಯಿ ತೆರೆದೇ ಇತ್ತು. ನೀಲವ್ವಾಯಿ ಕೈಯಲ್ಲಿದ್ದ ಹಣ್ಣನ್ನು ಯಾವ ಬುಟ್ಟಿಗೂ ಹಾಕದೆ ಹಿಡಿದಿದ್ದಳು.

"ನೀರ ಕುಡ್ಯಾಕ ಒಳಗ ಹೋಗ್ತಿದ್ದೇನು?"

"ಮತ್ತೆ ಇನ್ನೇನಕ್ಕೆ?"

"ನಾವು ಕೇಳಿದ್ದಕ್ಕ?"

"ಹೂಂ."

"ಹುಚ್ಚಿ," ಎಂದಳು. "ಎಲ್ಲಿ ಹೊಂಟಿ ಅಂತ ಕೇಳೂದು ಎದಕ? ದಾರ್ಯಾಗ ಬಿದ್ರ ಎಲ್ಲಿ ಹುಡುಕಬೇಕನ್ನೂದು ನಾಕ ಮಂದಿಗಿ ಗೊತ್ತಿರ್ಲಿ ಅಂತ. ಕೇಳಾವ್ರಿಲ್ಲದಾಕಿ ದಿಕ್ಕಿಲ್ಲದಾಕಿ." ಅದೇ ಗಡುಸು ದನಿಯಲ್ಲಿ ಮುಂದುವರಿಸಿದಳು: "ನನ್ನ ಮೊಮ್ಮಗಳ್ನ ಒಯ್ಯಾಕತ್ತಾಗ ನೀ ಬಾಯಿ ಬಿಡಲಿಲ್ಲ. ಹೆಣ ಹೋದಂಗ ಕೈಮುಗದ ನಿಂತಿ. ಕಲ್ಲ ಮನಸಿನಾಕಿ ಅಂದ್ಕೊಂಡೆ. ಆವತ್ತೂ ಇದ ಶಕುನ ಏನು?"

"ಕೂಸಿನ ದಾರಿಗೆ ಅಡ್ಡ ಬರಬಾರದು ಅಂತ..." ಅಂದೆ. ಅಳಬಾರದೆಂದು ಚೀಲ ಎತ್ತಿಕೊಂಡು ಒಳಗೆ ಹೋದೆ. ಹೋದದ್ದೂ ಮತ್ತೆ ಒಳಕ್ಕೇ!

ಅವಳು ಹಿಂದೆ ಬರಲಿಲ್ಲ. ತಪ್ಪಾಯಿತು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಮನೆಯಿದೆಯೆಂದು ಯಾರೋ ಹೇಳಿದ್ದರು. ಅದೇ ಕೊನೆಯದು. ಮರುದಿನ ಹೊಸಿಲು ದಾಟಿದೆ.

"ಎಲ್ಲಿ ಹೊಂಟಿ?"

ನಡುಬೀದಿಯಲ್ಲಿ ನಿಂತೆ. ಬೆನ್ನ ಹಿಂದೆ ಬಾಗಿಲು, ಅದರಾಚೆ ಮಣೆ, ನೀರಿನ ಬಿಂದಿಗೆ, ಅಜ್ಜಿ. ಕಾಲು ತಾನಾಗಿ ತಿರುಗುತ್ತಿತ್ತು. ತಡೆದೆ.

"ಮನೆ ನೋಡೋದಿಕ್ಕೆ. ಬಸ್ ಸ್ಟ್ಯಾಂಡ್ ಹಿಂದೆ."

"ಆ ಮನಿಗಿ ನಳ ಇಲ್ಲ. ಮಾಳಗಿ ಸೋರ್ತೈತಿ. ಮಾಲಕ ಕುಡುಕ." ಕೊಳೆತ ಹಣ್ಣೊಂದನ್ನು ಬೀದಿಗೆಸೆದಳು. "ಸುಮ್ನ ಒಳಗ ಹೋಗು."

ಇಷ್ಟು ದಿನ ಒಳಗೆ ಹೋದದ್ದಕ್ಕೇ ನನ್ನನ್ನು ಓಡಿಸಲು ಹೊರಟಿದ್ದವಳು ಈಗ ಒಳಗೆ ಹೋಗು ಎನ್ನುತ್ತಿದ್ದಳು. ಅಮಾವಾಸ್ಯೆ ಬಂತು, ಹೋಯಿತು. ಟ್ರಂಕು ಮತ್ತೆ ಅಟ್ಟಕ್ಕೇರಿತು. ನೀಲವ್ವಾಯಿ ಬೈಯುವುದನ್ನು ಬಿಟ್ಟಳೆಂದು ನೀವು ತಿಳಿಯಬೇಡಿ. ನನ್ನನ್ನು ಕೆಣಕಲೆಂದೇ ದಿನಾ ಮೊದಲಿಗಿಂತ ಜೋರಾಗಿ ಕೇಳುವಳು. "ಏ ಶಕುನದ ಬಾಯಿ, ಎಲ್ಲಿ ಹೊಂಟಿ? ನೀರ ಕುಡ್ದಿಯಿಲ್ಲ?" ನಾನೂ ಜೋರಾಗಿಯೇ ಉತ್ತರ ಕೊಡುತ್ತೇನೆ. ದೂರದಿಂದ ಕೇಳಿದವರಿಗೆ ಜಗಳವೆನಿಸಬೇಕು. ಅರ್ಧ ಜಗಳವೇ ಅದು.

ಹೋದ ವರ್ಷ ನಿಮ್ಮಲ್ಲಿಗೆ ಬಂದಿದ್ದೆನಲ್ಲ. ಚಿಕ್ಕಮ್ಮ ಮಗನಿಗೆ ಹೆಣ್ಣು ನೋಡಲು ಹೊಸ ಸೀರೆಯುಟ್ಟು ಹೊರಟಿದ್ದಳು. ನಾನು ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತ, ತಲೆಯೆತ್ತಿ, ಓಣಿಗೆಲ್ಲ ಕೇಳುವಂತೆ ಕೂಗಿದೆ: "ಎಲ್ಲಿಗೆ ಹೊಂಟಿ ಚಿಕ್ಕಮ್ಮಾ?"

ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. "ಥೂ, ನಿನ್ ಬಾಯಿಗಿಷ್ಟು! ಆ ಸೀಮೆ ನೀರು ಕುಡ್ದು ಬುದ್ಧೀನೂ ಅಂಗೇ ಆಗೋಯ್ತಾ?" ದಡದಡ ಒಳಗೆ ಹೋಗಿ ಕೂತು ನೀರು ಕುಡಿದಳು. ಅವಳ ಬೆನ್ನು ನೋಡುತ್ತ ಕೂತೆ. ಶಾಂತಾಬಾಯಿಗೆ ದಿನವೂ ಕಂಡ ಬೆನ್ನು ಇದೇ.

ನಾನು ಹೊರಟ ದಿನ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಜ್ಜಿ ಕಲಿಸಿದಂತೆ ಯಾರೂ ತುಟಿ ಬಿಚ್ಚಲಿಲ್ಲ. ಅದು ಹಾರೈಕೆಯೆಂದು ನನಗೆ ಗೊತ್ತು. ಆದರೂ ಚೀಲ ಹಿಡಿದು ಬೀದಿಯಲ್ಲಿ ಒಂದು ಕ್ಷಣ ಸುಮ್ಮನೆ ನಿಂತೆ, ಯಾರಾದರೂ ಕೇಳಿಯಾರು ಎಂಬಂತೆ.

ಇಂಡಿಯಲ್ಲಿ ಬಸ್ಸಿಳಿದು ಓಣಿಗೆ ತಿರುಗಿದಾಗ ಕಟ್ಟೆಯಿಂದ ದನಿ ಬಂತು. "ಎಲ್ಲಿ ಹೋಗಿದ್ದಿ?"

"ಊರಿಗೆ," ಎಂದೆ.

ನೀಲವ್ವಾಯಿ ಲಿಂಬೆಹಣ್ಣು ಆರಿಸುವುದನ್ನು ನಿಲ್ಲಿಸಿದಳು. "ಹಂಗಾದ್ರ ಇದೇನು, ಅಡವಿಯೇನು?"

ಬೀಗದ ಕೈ ಹುಡುಕುವ ನೆಪದಲ್ಲಿ ಚೀಲದೊಳಗೆ ಕೈ ಹಾಕಿದೆ. ಉತ್ತರ ಬರುವ ತನಕ ಅವಳು ಇನ್ನೊಂದು ಹಣ್ಣು ಮುಟ್ಟುವವಳಲ್ಲ.