ಡೆಟ್ಲೆಫ್‌ನ ನೇರಳೆ ಕೊಂಬೆ

ಜರ್ಮನಿಯ ಬ್ರೆಮೆನ್ನಿನ ಡೆಟ್ಲೆಫ್‌ಗೆ ಕುರ್ಚಿಯೆಂದರೆ ಕೋಟು ಎಸೆಯುವ ಜಾಗ. ಅವನು ಅದರಲ್ಲಿ ಕೂತದ್ದನ್ನು ಕಂಡವರಿಲ್ಲ. ಹಜಾರದ ಉಪ್ಪುನೀರಿನ ತೊಟ್ಟಿಯಲ್ಲಿ ಅವನು ಸಾಕಿರುವ ಗೋರ್ಗೋನಿಯ ಎಂಬ ಹವಳ ನೋಡಲು ಎಲೆಯಿಲ್ಲದ ನೇರಳೆ ಬಣ್ಣದ ಕೊಂಬೆ. ನೀರು ಸದಾ ಓಡಾಡುತ್ತ, ಹೊತ್ತುಹೊತ್ತಿಗೆ ತುತ್ತು ಬೀಳುತ್ತಿದ್ದರೆ ಮಾತ್ರ ಮೈತುಂಬ ಪುಟ್ಟ ಬಾಯಿಗಳನ್ನು ಹೂವಿನಂತೆ ಅರಳಿಸುತ್ತದೆ. ಹಾಗಾಗಿ ಡೆಟ್ಲೆಫ್ ಪಂಪಿಗೆ ಕಿವಿಗೊಡುತ್ತಾನೆ, ಪುಡಿ ಆಹಾರ ಕಲಸುತ್ತಾನೆ, ಬೀದಿಯವರೆಗೆ ಹೋದವನು ಓಡಿಬಂದು ನೀರಿನ ಉಪ್ಪು ಅಳೆಯುತ್ತಾನೆ. ಪೊರೆ ಬಿಡಲೆಂದು ಕೊಂಬೆ ಬಾಯಿ ಮುಚ್ಚಿದರೆ ಸಾಕು, ಹವಳ ಸಾಕುವವರ ಸಂಘದ ಗೆಳೆಯರಿಗೆಲ್ಲ ಫೋನು: "ಹೋಯ್ತು ಕಣ್ರೋ, ಸತ್ತೇಹೋಯ್ತು!" "ಹೋದ ತಿಂಗಳೂ ಸತ್ತಿತ್ತಲ್ಲಯ್ಯಾ," ಎನ್ನುತ್ತಾರೆ ಅವರು. ಮದುವೆಯಾದಾಗಿನಿಂದ ಒಂದು ಪ್ರವಾಸವನ್ನೂ ಕಾಣದ ಹೆಂಡತಿ ಗುಡ್ರುನ್, "ಅದನ್ನೇ ಕಟ್ಕೊಂಡು ಬಾಳು," ಎಂದು ವಿಚ್ಛೇದನ ಪಡೆದು ಹೋದಳು. ಹವಳ ಸಾಕುವವರು ಒಂದು ತುಂಡನ್ನು ಕತ್ತರಿಸಿ ನಂಬಿಕಸ್ಥರ ಮನೆಯಲ್ಲಿ ಬೆಳೆಸಿರುತ್ತಾರೆ, ತಮ್ಮದು ಸತ್ತರೆ ಅಲ್ಲಿಂದ ತರಬಹುದು ಎಂದು. ಡೆಟ್ಲೆಫ್ ತನ್ನ ಕೊಂಬೆಯ ಅಂಥ ತುಂಡನ್ನು ಪುಟ್ಟ ತೊಟ್ಟಿಯ ಸಮೇತ ಗುಡ್ರುನ್‌ಗೇ ಕೊಟ್ಟ. ದಿನಾ ಸಂಜೆ ಫೋನು ಮಾಡಿ ಕೇಳುತ್ತಾನೆ: "ಅರಳಿದ್ಯಾ?" "ಅರಳಿದೆ ಮಾರಾಯ. ನೀನು ಬ್ರೆಡ್ಡಾದ್ರೂ ತಿಂದ್ಯಾ?" ಮೊನ್ನೆ ಅವಳ ಮನೆಯ ನಲ್ಲಿ ರಿಪೇರಿಗೆ ಹೋದವನು, ಅವಳು ಕಾಫಿ ಮಾಡಲು ಒಳಗೆ ಹೋದಾಗ ಆ ತೊಟ್ಟಿಯನ್ನು ಕಂಡ. ಒಣಗಿ ಎಷ್ಟು ಕಾಲವಾಗಿತ್ತೋ, ಒಳಗೆ ಉಣ್ಣೆಯ ಉಂಡೆಗಳು ತುಂಬಿದ್ದವು. ಅವನು ಕಾಫಿ ಕುಡಿದು, ನಲ್ಲಿ ಸರಿಮಾಡಿ ಬಂದ. ಸಂಜೆ ಎಂದಿನಂತೆ ಫೋನು ಮಾಡಿದ: "ಅರಳಿದ್ಯಾ?" "ಅರಳಿದೆ ಮಾರಾಯ," ಎಂದಳು ಗುಡ್ರುನ್. ಡೆಟ್ಲೆಫ್ ಕುರ್ಚಿಯ ಮೇಲಿನ ಕೋಟು ತೆಗೆದು ಕೂತ.