ಅಕ್ಕಿಮಿಲ್ಲಿನಲ್ಲಿ ಅಲ್ಲಾಡದೆ ನಿಲ್ಲುವ ಕೆಲಸ

ಹೆಮ್ಮಾಡಿಯ ಯೋಗೀಶನ ಹುದ್ದೆಯ ಹೆಸರು ಪ್ರಾಜೆಕ್ಟ್ ಅಸಿಸ್ಟೆಂಟ್. ಕೆಲಸ ಮಾತ್ರ, ಬ್ರಹ್ಮಾವರದ ಅಕ್ಕಿಮಿಲ್ಲಿನ ಧೂಳಿನಲ್ಲಿ ಅಂಗೈಯಗಲದ ಕನ್ನಡಿ ಹಿಡಿದು ನಿಲ್ಲುವುದು. ಕನ್ನಡಿಗೊಂದು ಸ್ಟ್ಯಾಂಡ್ ಬೇಕಿತ್ತು. ಸ್ಟ್ಯಾಂಡಿಗೆ ಮಂಜೂರಾತಿ ಸಿಗಲಿಲ್ಲ, ಯೋಗೀಶನಿಗೆ ಸಿಕ್ಕಿತು.

ಪ್ರಯೋಗಕ್ಕೆ ಈ ಮಿಲ್ಲನ್ನು ಆರಿಸಿದವರು ವಿಜ್ಞಾನಿ ರಮ್ಯಶ್ರೀ ಮೇಡಂ. ಹಬೆ, ಧೂಳು ಇದ್ದಲ್ಲಿ ಬೆಳಕು ಚೆದುರಿ, ವಸ್ತು ಎಲ್ಲಿದೆಯೆಂದು ಅಳೆಯುವುದು ಕಷ್ಟ. ಅವರ ಯಂತ್ರ ಬೆಳಕಿನ ಕಣಗಳನ್ನು ಜೋಡಿಜೋಡಿಯಾಗಿ ಹುಟ್ಟಿಸಿ, ಒಂದನ್ನು ತನ್ನಲ್ಲೇ ಇಟ್ಟುಕೊಂಡು ಇನ್ನೊಂದನ್ನು ಕನ್ನಡಿಗೆ ಅಟ್ಟುತ್ತಿತ್ತು. ಮರಳಿದ ಕಣ ಜೋಡಿಯ ಸಮಯಕ್ಕೆ ತಾಳೆಯಾದರೆ ಲೆಕ್ಕಕ್ಕೆ. ಧೂಳಿಗೆ ಬಡಿದು ಅಲೆದಾಡಿ ತಡವಾಗಿ ಬಂದದ್ದು ಹೊರಗೆ. ಹೀಗೆ ಸೋಸಿ ಸೋಸಿ ಮೊಳದಷ್ಟಿದ್ದ ತಪ್ಪು ಬೆರಳಗಲಕ್ಕೆ ಇಳಿದಿತ್ತು. ಆದರೆ ಕನ್ನಡಿ ಎಲ್ಲಿದೆಯೆಂದು ತೋರಿಸುವ ಯಂತ್ರದ ಪರದೆಯ ಹಸಿರು ಗೆರೆ ಆಗಾಗ ಇದ್ದಕ್ಕಿದ್ದಂತೆ ನಾಲ್ಕು ಬೆರಳು ಹಾರುತ್ತಿತ್ತು.

ಮರುದಿನ ಹಣ ಕೊಡುವವರು ನೋಡಲು ಬರುವವರಿದ್ದರು. ಗೆರೆ ಹಾರಿದರೆ ಪ್ರಾಜೆಕ್ಟ್ ಬಂದ್. ಯೋಗೀಶನಿಗೆ ಮತ್ತೆ ಮುಂಬೈಯಲ್ಲಿ ಭಾವನ ಹೋಟೆಲ್ಲೇ ಗತಿ. ಒಮ್ಮೆ ಅಲ್ಲಿಂದ ಹೇಳದೆ ಕೇಳದೆ ಓಡಿಬಂದವನು ಅವನು.

“ಯೋಗೀಶ, ನೀವ್ ಅಲ್ಲಾಡ್ತಿಲ್ಲ ಅಲ್ದಾ?”

“ಎಂತ ಮೇಡಂ! ಈ ಕಂಬ ಬೇಕಾರೆ ಅಲ್ಲಾಡ್ತ್, ನಾನ್ ಅಲ್ಲಾಡ್ತಿಲ್ಲೆ.”

ಅವನು ಅದನ್ನು ಮನಸಾರೆ ನಂಬಿದ್ದ. ಅಷ್ಟರಲ್ಲಿ ಮಿಲ್ಲಿನ ಮಾಲೀಕ ಚೆನ್ನಯ್ಯ ಅಂಗಳದಲ್ಲಿ ಲಾರಿಯವನನ್ನು ಕರೆದರು: “ಹ್ವಾಯ್!”

ಗೆರೆ ಹಾರಿತು. ಮೇಡಂ ಪರದೆ ನೋಡಿದರು, ಅಂಗಳದತ್ತ ಹೊರಳಿದ್ದ ಯೋಗೀಶನ ಕುತ್ತಿಗೆ ನೋಡಿದರು. ಬಾಗಿಲ ಹಿಂದೆ ಹೋಗಿ ತಾವೇ ಒಮ್ಮೆ ಮೆಲ್ಲಗೆ “ಹ್ವಾಯ್” ಎಂದರು. ಗೆರೆ ಮತ್ತೆ ಹಾರಿತು.

“ಯಂತ್ರ ಸರೀ ಇತ್ತ್ ಮಾರಾಯ್ರೆ! ಅಲ್ಲಾಡುದ್ ನೀವು!”

“ಕರೆದ್ರೆ ತಿರ್ಗದೆ ಇಪ್ಪುಕೆ ಆತ್ತಾ ಮೇಡಂ?”

“ಕರೆದದ್ದ್ ನಿಮ್ಮನ್ನಲ್ಲ, ಲಾರಿಯವ್ನನ್ನ.”

“ಅದ್ ತಿರ್ಗಿದ್ ಮೇಲೇ ಗೊತ್ತಾಪ್ದಲ್ದಾ?”

ನಗುತ್ತ ಕೇಳುತ್ತಿದ್ದ ಚೆನ್ನಯ್ಯ ಮೂಲೆಯಿಂದ ಹಳೆಯ ಕಬ್ಬಿಣದ ಸ್ಟ್ಯಾಂಡೊಂದನ್ನು ಎಳೆದು ತಂದರು. ಕನ್ನಡಿ ಅದಕ್ಕೇರಿತು. ತಪ್ಪು ಭತ್ತದ ಕಾಳಿನಷ್ಟಾಯಿತು. ಯೋಗೀಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ತಟ್ಟುವ ನಡುವೆ ಹೊಳೆಯಿತು: ಈ ಸ್ಟ್ಯಾಂಡು ಸಂಬಳ ಕೇಳುವುದಿಲ್ಲ.

ಮರುದಿನ ಬಂದವರು ಗೆರೆ ನೋಡಿ ತಲೆದೂಗಿದರು. ಆಮೇಲೆ ಅವರಲ್ಲೊಬ್ಬರು ಯೋಗೀಶನತ್ತ ತಿರುಗಿ, “ಇವರ ಕೆಲಸ ಏನು?” ಎಂದರು. ಮೇಡಂ ಸ್ಟ್ಯಾಂಡಿನ ಕಡೆ ನೋಡಿದರು. ಯೋಗೀಶನ ಕಣ್ಣೆದುರು ಭಾವನ ಕೌಂಟರು ತೇಲಿಬಂತು.

“ಸರ್, ನಿಂತದ್ದನ್ನ ಯಾರು ಬೇಕಾದರೂ ಹುಡುಕಬಹುದು. ತಿರುಗಾಡುವುದನ್ನ ಹುಡುಕಬೇಕಲ್ಲ?” ಎಂದವನೇ ಕನ್ನಡಿ ಕಿತ್ತುಕೊಂಡು ಧೂಳಿನೊಳಗೆ ನುಗ್ಗಿದ. ಮನುಷ್ಯ ಕಾಣದಾದ. ಪರದೆಯ ಗೆರೆ ಮಾತ್ರ ಅವನ ಹೆಜ್ಜೆಹೆಜ್ಜೆಗೂ ಸರಿಯುತ್ತಲೇ ಇತ್ತು.

ಪ್ರಾಜೆಕ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಅವನೂ ಮುಂದುವರಿದ.

“ಇನ್ನ್ ಮೇಲೆ ಎಂತ ಕೆಲ್ಸ?” ಮನೆಯಲ್ಲಿ ತಾಯಿ ಸುಗುಣ ಕೇಳಿದಳು.

“ಕನ್ನಡಿ ಹಿಡ್ಕಂಡ್ ಮಿಲ್ಲಂಗೆ ತಿರ್ಗುದ್, ಅಮ್ಮ.”

“ಇಷ್ಟ್ ದಿನ ಪುಕ್ಕಟೆ ತಿರ್ಗ್ತಿದ್ದೆ,” ಎಂದು ಆಕೆ ನಿಟ್ಟುಸಿರಿಟ್ಟಳು. “ಹೋಯ್ಲಿ, ಈಗ ಸಂಬ್ಳ ಆದ್ರೂ ಬತ್ತ್ ಅಲ್ದಾ.”